ಗಾಡಿ ಓಡಿಸುತ್ತಿದ್ದ ತಮ್ಮನಿಗೆ ಫೋನ್ ಮಾಡಿದ್ದು ನಾನೇ. ಈಗ ಅವನು ಮತ್ತೆ ಡ್ಯೂಟಿಗೆ ಹೊರಟಿದ್ದಾನೆ, ಏನು ಮಾಡಲಿ?

ತಿಕೋಟಾದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ತಿಕೋಟಾ ಹತ್ತಿರದ ಒಂದು ಹಳ್ಳಿಯವಳು. ನನ್ನ ತಮ್ಮ ಒಬ್ಬ ಸಾವ್ಕಾರರ ಪಿಕಪ್ ಗಾಡಿ ಓಡಿಸುತ್ತಾನೆ. ಒಣದ್ರಾಕ್ಷಿ ಬಾಕ್ಸ್ ತುಂಬಿಕೊಂಡು ಅಥಣಿ, ಮಿರಜ ಮೇಲೆ ತಾಸಗಾಂವಕ್ಕೆ ಹೋಗುತ್ತಾನೆ, ಮಾಲು ಇಳಿಸಿ ರಾತ್ರಿ ವಾಪಸ್ ಬರುತ್ತಾನೆ. ಎಂಟು ವರ್ಷದಿಂದ ಇದೇ ಕೆಲಸ. ಕುಡಿಯುವುದಿಲ್ಲ, ಜೋರಾಗಿ ಓಡಿಸುವವನೂ ಅಲ್ಲ.

ಜನವರಿಯಲ್ಲಿ ಒಂದು ದಿನ ಸಂಜೆ 7:42ಕ್ಕೆ ನಾನು ಅವನಿಗೆ ಫೋನ್ ಮಾಡಿದೆ. ಅವ್ವನ ಬಿಪಿ ಗುಳಿಗೆ ಮುಗಿದಿತ್ತು, ಬರುವಾಗ ಅಥಣಿಯಲ್ಲೇ ತೊಗೊಂಡು ಬಾ ಅಂತ ಹೇಳಬೇಕಿತ್ತು. ಅವನು ಆಗಲೇ ಅಥಣಿ ದಾಟಿ ಈ ಕಡೆ ಬಂದಿದ್ದ, ಅದು ನನಗೆ ಗೊತ್ತಿಲ್ಲ. ಗುಳಿಗೆ ಹೆಸರು ಹೇಳಿದೆ. "ಯಾವುದು? ಇನ್ನೊಮ್ಮೆ ಹೇಳು" ಅಂದ. ಇನ್ನೊಮ್ಮೆ ಹೇಳುತ್ತಾ ಇದ್ದೆ, ಅಷ್ಟರಲ್ಲಿ ಸಪ್ಪಳ ಆಯಿತು.

ರಸ್ತೆ ಬದಿಯಲ್ಲಿ ಕಬ್ಬು ತುಂಬಿದ ಟ್ರೇಲರ್ ಪಂಕ್ಚರ್ ಆಗಿ ನಿಂತಿತ್ತಂತೆ. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಎರಡು ಕಲ್ಲು ಇಟ್ಟಿದ್ದರು ಅಷ್ಟೇ. ಇವನ ಒಂದು ಕೈ ಕಿವಿ ಹತ್ತಿರ, ಇನ್ನೊಂದು ಕೈ ಸ್ಟೇರಿಂಗ್ ಮೇಲೆ. ಕಡೆ ಗಳಿಗೆಯಲ್ಲಿ ಬಲಕ್ಕೆ ಎಳೆದಿದ್ದಾನೆ, ಪೂರ್ತಿ ತಿರುಗಲಿಲ್ಲ. ಎಡಗಡೆ ಗಾಜು ಒಡೆದು ಕಬ್ಬು ಒಳಗೆ ನುಗ್ಗಿದೆ. ಎಡ ತೊಡೆಯ ಎಲುಬು ಮುರಿದು ರಾಡ್ ಹಾಕಿದ್ದಾರೆ.

ಫೋನು ಕಟ್ ಆಗಿರಲಿಲ್ಲ. ನಾನು ಇಲ್ಲಿ ಕೂಗುತ್ತಾ ಇದ್ದೆ. ಅಲ್ಲಿ ಹಾರ್ನ್ ಒಂದೇ ಸಮ ಹೊಡೆಯುತ್ತಾ ಇತ್ತು, ಯಾರೋ ಓಡಿ ಬಂದ ಸಪ್ಪಳ, ಕಬ್ಬು ಎಳೆಯುವ ಸಪ್ಪಳ. ಕೊನೆಗೆ ಟ್ರ್ಯಾಕ್ಟರಿನ ಹುಡುಗನೊಬ್ಬ ಫೋನ್ ಎತ್ತಿಕೊಂಡು "ಅಕ್ಕಾರ, ಜೀವಕ್ಕ ಏನಿಲ್ರಿ, 108ಕ್ಕ ಹೇಳೀವಿ" ಅಂದ. ನನ್ನ ಫೋನಿನಲ್ಲಿ ಆ ಕಾಲ್ ಇನ್ನೂ ಹಾಗೇ ಇದೆ, 6 ನಿಮಿಷ 11 ಸೆಕೆಂಡ್. ನಾವಿಬ್ಬರು ಮಾತಾಡಿದ್ದು ಒಂದು ನಿಮಿಷವೂ ಇಲ್ಲ.

ಈಗ ಅವನು ನಡೆಯುತ್ತಾನೆ. ಮುಂದಿನ ವಾರದಿಂದ ಡ್ಯೂಟಿಗೆ ಹೋಗುತ್ತೇನೆ ಅಂತ ಕೂತಿದ್ದಾನೆ. ಕಿವಿಗೆ ಹಾಕುವ ಬ್ಲೂಟೂತ್ ತಂದಿದ್ದಾನೆ. "ಈಗ ಎರಡೂ ಕೈ ಸ್ಟೇರಿಂಗ್ ಮೇಲೇ ಇರ್ತಾವ ಅಕ್ಕಾ, ಏನೂ ಆಗಂಗಿಲ್ಲ" ಅನ್ನುತ್ತಾನೆ. ಇದು ಖರೇನಾ? ಕೈ ಖಾಲಿ ಇದ್ದರೆ ಸಾಕಾ?

ಇನ್ನೊಂದು ಮಾತು. ಎಲ್ಲರೂ ಅವನಿಗೇ ಬೈಯುತ್ತಾರೆ, ಯಾಕೆ ಎತ್ತಿದೆ ಅಂತ. ಯಾಕೆ ಮಾಡಿದೆ ಅಂತ ನನ್ನನ್ನು ಯಾರೂ ಕೇಳಿಲ್ಲ. ದಿನಕ್ಕೆ ಸಾವ್ಕಾರರದ್ದು ಹತ್ತು ಕಾಲ್, ಮಾಲು ಕೊಳ್ಳುವವರದ್ದು ಐದು, ನಮ್ಮ ಮನೆಯಿಂದ ನಾಲ್ಕು. ಅವನು ಎತ್ತದೇ ಇದ್ದರೆ ಅವ್ವ ಮತ್ತೆ ಮತ್ತೆ ಹಚ್ಚುತ್ತಾಳೆ. ಇದನ್ನು ನಿಲ್ಲಿಸುವುದು ಹೇಗೆ? ನಿಮ್ಮ ಮನೆಯಲ್ಲಿ ಯಾರಾದರೂ ಡ್ರೈವರ್ ಇದ್ದರೆ ಹೇಗೆ ಮಾಡುತ್ತೀರಿ, ಹೇಳಿ.

ಇಂಡಿ ರೋಡ್:

ಗಾಡಿ ಹತ್ತುವಾಗ ಫೋನ್ ಸ್ವಿಚ್ ಆಫ್ ಮಾಡಲಿ. ಮುಗೀತಲ್ಲ.

ತಿಕೋಟಾದ ಅಕ್ಕ:

ಅದನ್ನೂ ನೋಡಿದೆವು ಅಣ್ಣಾ. ಸ್ವಿಚ್ ಆಫ್ ಬಂದರೆ ಅವ್ವನಿಗೆ ಜೀವ ಹಾರುತ್ತದೆ. ಈ ಆ್ಯಕ್ಸಿಡೆಂಟ್ ಆದ ಮೇಲಂತೂ ಜಾಸ್ತಿ ಆಗಿದೆ. ಊರಿನ ನಾಲ್ಕು ಮಂದಿಗೆ ಫೋನ್ ಮಾಡಿ ಹುಡುಕಿಸುತ್ತಾಳೆ. ಸಾವ್ಕಾರರು ಸಹ ಒಪ್ಪುವುದಿಲ್ಲ.

ಸ್ಟೇರಿಂಗ್ ಕಾಕಾ, ಬಾಗಲಕೋಟೆ:

ತಂಗಿ, ನಾನು 26 ವರ್ಷ ಬಸ್ ಓಡಿಸಿದವನು. ಮೊದಲ ಹತ್ತು ವರ್ಷ ನಮ್ಮ ಕೈಯಲ್ಲಿ ಮೊಬೈಲೇ ಇರಲಿಲ್ಲ. ಬೆಳಗ್ಗೆ ಮನೆ ಬಿಟ್ಟರೆ ಮರುದಿನ ಬರುವ ತನಕ ಮನೆಯವರಿಗೆ ನಮ್ಮ ಸುದ್ದಿ ಇಲ್ಲ. ಹಾಗಂತ ಯಾರ ಮನೆಯೂ ಮುಳುಗಿಲ್ಲ.

ಮೊಬೈಲ್ ಬಂದ ಮೇಲೆ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಬುತ್ತಿಯ ಚೀಲದಲ್ಲಿ, ರೊಟ್ಟಿ ಗಂಟಿನ ಕೆಳಗೆ ಫೋನ್. ಆ ಚೀಲ ಸೀಟಿನ ಹಿಂದೆ. ಕೈ ಹಾಕಿದರೆ ಸಿಗಬಾರದು, ಅದೇ ಮುಖ್ಯ. ಎದುರಿಗೆ ಇಟ್ಟುಕೊಂಡು "ನಾನು ಎತ್ತುವುದಿಲ್ಲ" ಅಂದುಕೊಳ್ಳುವುದು ಆಗದ ಮಾತು, ರಿಂಗ್ ಆದರೆ ಕಣ್ಣು ಹೋಗೇ ಹೋಗುತ್ತದೆ. ಮನೆಯಲ್ಲಿ ಕಂಡಕ್ಟರನ ನಂಬರ್ ಕೊಟ್ಟಿರುತ್ತಿದ್ದೆ. ಸಾವು ನೋವು ಏನಾದರೂ ಇದ್ದರೆ ಮಾತ್ರ ಅವನಿಗೆ ಮಾಡಬೇಕು. ಅಷ್ಟು ವರ್ಷದಲ್ಲಿ ಹಾಗೆ ಬಂದದ್ದು ಮೂರು ಕಾಲ್. ನಿನ್ನ ತಮ್ಮನ ಜೊತೆ ಕ್ಲೀನರ್ ಅಥವಾ ಹಮಾಲ ಯಾರಾದರೂ ಇರುತ್ತಾರಾ? ಇದ್ದರೆ ಫೋನ್ ಅವರ ಕೈಯಲ್ಲಿ ಇರಲಿ.

ರಾತ್ರಿ ಡ್ರೈವಿಂಗ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಿನ್ನ ತಮ್ಮನಿಗೆ ಆದದ್ದೂ ಕತ್ತಲಾದ ಮೇಲೆ. ಕತ್ತಲಲ್ಲಿ ಗಾಡಿ ಓಡಿಸುತ್ತಾ ಹೋದಂತೆ ಕಣ್ಣು ಆ ಕತ್ತಲಿಗೆ ಹೊಂದಿಕೊಂಡಿರುತ್ತದೆ. ಲೈಟಿನ ಆಚೆಗಿನ ಎತ್ತಿನ ಬಂಡಿ, ಬದಿಯಲ್ಲಿ ನಡೆಯುವ ಮನುಷ್ಯ, ಮಸುಕಾಗಿಯಾದರೂ ಗೊತ್ತಾಗುತ್ತಾರೆ. ಅದೇ ಒಂದು ಸಲ ಮೊಬೈಲಿನ ಬೆಳಕು ನೋಡಿ ತಲೆ ಎತ್ತು, ರಸ್ತೆ ಮೇಲೆ ಕಪ್ಪು ಕಂಬಳಿ ಹಾಸಿದ ಹಾಗೆ. ಕಣ್ಣು ಮತ್ತೆ ಹೊಂದಿಕೊಳ್ಳುವ ತನಕ ಗಾಡಿ ನಿಲ್ಲುವುದಿಲ್ಲವಲ್ಲ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಬೀಳಗಿ, ಯಾವ ದಾರಿ ಹಿಡಿದರೂ ಡಬಲ್ ಟ್ರೇಲರ್. ಹಿಂದಿನ ಲೈಟ್ ಇದ್ದರೂ ಜೋತು ಬಿದ್ದ ಕಬ್ಬು ಮುಚ್ಚಿರುತ್ತದೆ. ನಿಂತಿದೆಯೋ ಹೋಗುತ್ತಿದೆಯೋ ಹತ್ತಿರ ಹೋಗುವ ತನಕ ತಿಳಿಯುವುದಿಲ್ಲ. ಪೂರ್ತಿ ಗಮನ ಕೊಟ್ಟು ಓಡಿಸಿದರೂ ಕಷ್ಟ.

ಒಂದು ರಾತ್ರಿ ಕೊಲ್ಹಾರ ಸೇತುವೆ ಮೇಲೆ ವಿಜಯಪುರದ ಕಡೆ ಹೊರಟಿದ್ದೆ. ಎರಡೂ ಕಡೆ ಕೃಷ್ಣಾ ಹಿನ್ನೀರು, ಗಾಡಿ ಇಳಿಸಲು ಜಾಗ ಇಲ್ಲ. ಎದುರಿಗೆ ಒಂದು ಬೈಕ್ ಬರುತ್ತಾ ಇತ್ತು. ಅದರ ಲೈಟಿನ ಮೇಲೆ ಇನ್ನೊಂದು ಸಣ್ಣ ಬೆಳಕು. ಹತ್ತಿರ ಬಂದ ಮೇಲೆ ನೋಡಿದರೆ ಹುಡುಗ, ಎಡಗೈಯಲ್ಲಿ ಮೊಬೈಲ್ ಹಿಡಿದು ನೋಡುತ್ತಾ ಇದ್ದಾನೆ. ಮುಖ ಅಷ್ಟೇ ನೀಲಿಯಾಗಿ ಕಾಣುತ್ತಿತ್ತು. ನಾನು ಬ್ರೇಕ್ ಒತ್ತಿ, ಲೈಟ್ ಮೇಲೆ ಕೆಳಗೆ ಮಾಡಿ, ಹಾರ್ನ್ ಹೊಡೆದು ಪೂರ್ತಿ ನಿಂತೇ ಬಿಟ್ಟೆ. ಅವನು ತಲೆ ಎತ್ತಿದ್ದು ನನ್ನ ಬಂಪರಿನಿಂದ ಎರಡು ಮಾರು ದೂರದಲ್ಲಿ. ಹಾಗೇ ಪಕ್ಕಕ್ಕೆ ಸರಿದು ಹೋದ. ನನಗೆ ಐದು ನಿಮಿಷ ಗೇರ್ ಹಾಕಲು ಆಗಲಿಲ್ಲ, ಕಾಲು ನಡುಗುತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ನಿನ್ನ ತಪ್ಪು ಅಂತ ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ. ಆದರೆ ಕೇಳಿದ್ದು ಸರಿಯಾದ ಪ್ರಶ್ನೆ.

ಗೋಕಾಕ ಮಾಸ್ತರ:

ಅಕ್ಕಾರ, ನಿಮ್ಮ ಬ್ಲೂಟೂತ್ ಪ್ರಶ್ನೆಗೆ ನೇರ ಉತ್ತರ: ಕೈ ಖಾಲಿ ಇದ್ದರೆ ಸಾಲದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಇದನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುವುದರಿಂದ ಸ್ವಲ್ಪ ಓದಿಕೊಂಡಿದ್ದೇನೆ. ಕೆನಡಾದ ಟೊರೊಂಟೊದಲ್ಲಿ ಒಂದು ಅಧ್ಯಯನ ಮಾಡಿದರು, 1997ರಲ್ಲಿ ಅದು ಪ್ರಕಟವಾಯಿತು. ಫೋನ್ ಇದ್ದು ಗಾಡಿ ಗುದ್ದಿಸಿಕೊಂಡ 699 ಜನ ಡ್ರೈವರ್‌ಗಳ ಫೋನ್ ಬಿಲ್ ತೆಗೆದು, ಗುದ್ದಿದ ಹೊತ್ತಿಗೆ ಫೋನಿನಲ್ಲಿ ಇದ್ದರಾ ಅಂತ ನೋಡಿದರು. ಅದರ ಹಿಂದಿನ ದಿನಗಳಲ್ಲಿ ಅದೇ ಹೊತ್ತಿಗೆ ಮಾತಾಡಿದ್ದರಾ ಅಂತಲೂ ಹೋಲಿಸಿ ನೋಡಿದರು. ಫೋನಿನಲ್ಲಿ ಇದ್ದಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅಂತ ಬಂತು. ಕೈಯಲ್ಲಿ ಹಿಡಿಯದೆ ಮಾತಾಡುವ ಫೋನ್ ಇಟ್ಟುಕೊಂಡವರಿಗೆ ಅದರಿಂದ ಏನಾದರೂ ಲಾಭ ಆಗಿದೆಯಾ ಅಂತಲೂ ನೋಡಿದರು. ಅಂಥದ್ದೇನೂ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇವತ್ತಿಗೂ ನಾಲ್ಕು ಪಟ್ಟು ಅಂತಲೇ ಹೇಳುತ್ತದೆ.

ಕಾರಣ ಏನೆಂದರೆ, ಮಾತು ಕೇಳಿ ಉತ್ತರ ಕೊಡುವುದೂ ತಲೆಗೆ ಒಂದು ಕೆಲಸ. ಕಣ್ಣು ರಸ್ತೆ ಮೇಲೇ ಇರುತ್ತದೆ, ಎದುರಿಗಿನದು ಕಣ್ಣಿಗೆ ಬೀಳುತ್ತದೆ, ತಲೆಗೆ ಮುಟ್ಟುವುದಿಲ್ಲ. ನಿಮ್ಮ ತಮ್ಮ ಆಗ ಗುಳಿಗೆ ಹೆಸರು ನೆನಪಿಟ್ಟುಕೊಳ್ಳಲು ನೋಡುತ್ತಾ ಇದ್ದ, ಅಲ್ವಾ? ಟ್ರೇಲರ್ ಕಣ್ಣ ಮುಂದೆ ಇದ್ದರೂ ಕಾಣದೇ ಇರುವುದು ಹೀಗೆ.

"ಹಾಗಾದರೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಾರದಾ" ಅಂತ ಮಕ್ಕಳು ಕೇಳುತ್ತಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಅದನ್ನೂ ನೋಡಿದ್ದಾರೆ. ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ತಿರುವು ಬಂದರೆ, ಎದುರಿಗೆ ಲಾರಿ ಬಂದರೆ ತಾವೇ ಮಾತು ನಿಲ್ಲಿಸುತ್ತಾರೆ, "ಅಗೋ ನೋಡು" ಅನ್ನುತ್ತಾರೆ. ಫೋನಿನ ಆ ತುದಿಯಲ್ಲಿ ಇರುವವರಿಗೆ ಏನೂ ಕಾಣುವುದಿಲ್ಲ, ಅವರು ಮಾತಾಡುತ್ತಲೇ ಇರುತ್ತಾರೆ. ನೀವು "ಅವನು ಎಲ್ಲಿದ್ದಾನೆ ನನಗೆ ಗೊತ್ತಿಲ್ಲ" ಅಂತ ಬರೆದಿರಲ್ಲ, ಅದೇ.

ಇನ್ನು ಲೆಕ್ಕ. 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 16 ಮೀಟರಿಗಿಂತ ಸ್ವಲ್ಪ ಜಾಸ್ತಿ. ಯಾರ ಕಾಲ್ ಅಂತ ಬರೀ ಎರಡು ಸೆಕೆಂಡ್ ನೋಡಿದರೆ 33 ಮೀಟರ್ ಹೋಯಿತು. ಖೋ ಖೋ ಅಂಕಣದ ಉದ್ದವೇ 27 ಮೀಟರ್. ಹೋದ ವರ್ಷ ಒಂಬತ್ತನೇ ತರಗತಿಯವರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ 33 ಮೀಟರ್ ಅಳೆದು ಸುಣ್ಣದ ಗೆರೆ ಹಾಕಿಸಿದೆ. ಕಣ್ಣು ಮುಚ್ಚಿ ಈ ಗೆರೆಯಿಂದ ಆ ಗೆರೆಗೆ ಸುಮ್ನೆ ನಡೆದು ಹೋಗಿ ಅಂದೆ. ಓಡುವುದಲ್ಲ, ನಡೆಯುವುದು. ದಾರಿಯಲ್ಲಿ ಏನೂ ಇಲ್ಲ ಅಂತ ಅವರಿಗೇ ಗೊತ್ತು. ಆದರೂ ಹದಿನೈದು ಹೆಜ್ಜೆಗೆ ಎಲ್ಲರ ಕೈ ತಾವಾಗಿ ಮುಂದಕ್ಕೆ ಚಾಚುತ್ತಿದ್ದವು. ಕಣ್ಣು ತೆರೆಯದೆ ಗೆರೆ ಮುಟ್ಟಿದವರು ಇಬ್ಬರೇ. ಆಮೇಲೆ ಒಬ್ಬ ಹುಡುಗ ಬಂದು "ಸರ್, ನಮ್ಮ ಅಪ್ಪ ಟ್ರ್ಯಾಕ್ಟರ್ ಹೊಡಿಯುವಾಗ ವಿಡಿಯೋ ನೋಡ್ತಾರ್ರಿ" ಅಂತ ಮೆಲ್ಲಗೆ ಹೇಳಿದ. ಮರುದಿನ ಅವರ ಅಪ್ಪನನ್ನು ಕರೆಸಿ, ಅದೇ ಗೆರೆ ಮೇಲೆ ಅವರನ್ನೂ ನಡೆಸಿದೆ.

ಮಣೂಕ ವ್ಯಾಪಾರಿ:

ಎಲ್ಲರೂ ಡ್ರೈವರ್ ಮತ್ತು ಮನೆಯವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಗಾಡಿ ಇಟ್ಟವನು, ಮೂರು ಪಿಕಪ್ ಇವೆ. ನನ್ನ ಮಾತೂ ಕೇಳಿ. ಒಣದ್ರಾಕ್ಷಿ ಹರಾಜು ನಡೆಯುವ ದಿನ ಮಾಲು ಎಲ್ಲಿಗೆ ಬಂತು ಅಂತ ಅಲ್ಲಿನ ದಲಾಲರು ನನ್ನನ್ನು ಕೇಳುತ್ತಾರೆ. ನಾನು ಡ್ರೈವರನ್ನು ಕೇಳದೆ ಯಾರನ್ನು ಕೇಳಲಿ? ಒಂದೊಂದು ಸಲ ಅರ್ಧ ದಾರಿಯಲ್ಲಿ ಗಾಡಿ ಬೇರೆ ಕೋಲ್ಡ್ ಸ್ಟೋರೇಜಿಗೆ ತಿರುಗಿಸಬೇಕಾಗುತ್ತದೆ. ಫೋನ್ ಎತ್ತಲಿಲ್ಲ ಅಂದರೆ 40 ಕಿಲೋಮೀಟರ್ ಡೀಸೆಲ್ ಸುಮ್ನೆ ಹೋಯಿತು. ಮೊಬೈಲ್ ಬೇಡವೇ ಬೇಡ ಅಂದರೆ ಈ ಧಂದೆ ನಡೆಯುವುದಿಲ್ಲ. ನನಗೆ ನನ್ನ ಡ್ರೈವರ್‌ಗಳ ಜೀವ ಬೇಡ ಅಂತ ಅಲ್ಲ. ಬ್ಲೂಟೂತ್ ನಾನೇ ಕೊಡಿಸಿದ್ದೇನೆ.

ಸ್ಟೇರಿಂಗ್ ಕಾಕಾ, ಬಾಗಲಕೋಟೆ:

ಸಾವ್ಕಾರ್ರ, ನಿಮ್ಮ ಕಷ್ಟ ಇಲ್ಲ ಅನ್ನುವುದಿಲ್ಲ. ಒಂದು ಕೇಳುತ್ತೇನೆ. ನಿಮ್ಮಂಥ ಮಾಲೀಕರು ದಿನಕ್ಕೆ ಮಾಡುವ ಹತ್ತು ಕಾಲಿನಲ್ಲಿ ಗಾಡಿ ತಿರುಗಿಸು ಅಂತ ಹೇಳುವವು ಎಷ್ಟು? ತಿಂಗಳಿಗೆ ಎರಡೋ ಮೂರೋ ಇರಬಹುದು. ಉಳಿದವೆಲ್ಲ "ಎಲ್ಲಿದೀ, ಎಷ್ಟೊತ್ತಿಗೆ ಮುಟ್ತೀ" ಅಷ್ಟೇ ಅಲ್ವಾ? ಡ್ರೈವರ್ ಅಥಣಿಯಲ್ಲಿ ಚಹಾಕ್ಕೆ ನಿಲ್ಲುತ್ತಾನೆ, ಮಿರಜದಲ್ಲಿ ನಿಲ್ಲುತ್ತಾನೆ. ಅಲ್ಲಿಂದ ಅವನೇ ಫೋನ್ ಮಾಡಲಿ. ತಿರುಗಿಸುವ ಸುದ್ದಿ ಇದ್ದರೆ ಅಲ್ಲೇ ಹೇಳಿ. "ಎಷ್ಟೊತ್ತಿಗೆ ಮುಟ್ತೀ" ಅಂತ ಮಾಲೀಕರು ಕೇಳಿದ ಮೇಲೆ ಯಾವ ಡ್ರೈವರೂ ನಿಧಾನ ಓಡಿಸುವುದಿಲ್ಲ, ಅದೂ ಒಂದು ನೆನಪಿರಲಿ. ಒಂದು ಕೈ ಫೋನಿಗೆ, ಕಾಲು ಎಕ್ಸಿಲೇಟರಿಗೆ.

ಮಣೂಕ ವ್ಯಾಪಾರಿ:

ನಿಂತಾಗ ಅವರೇ ಫೋನ್ ಮಾಡುವುದು ಆಗಬಹುದು, ಅದನ್ನು ಒಪ್ಪುತ್ತೇನೆ. ಈಗ ಫೋನಿನಲ್ಲಿ ಲೊಕೇಶನ್ ಶೇರ್ ಮಾಡಿದರೆ ಗಾಡಿ ಎಲ್ಲಿದೆ ಅಂತ ಕೂತಲ್ಲೇ ಕಾಣುತ್ತದೆ, ಮಗ ತೋರಿಸಿಕೊಟ್ಟ. ಒಂದು ಗಾಡಿಗೆ ಹಾಗೆ ಮಾಡಿ ನೋಡುತ್ತೇನೆ. ಆದರೆ ತುರ್ತು ಇದ್ದಾಗ ಎತ್ತಲೇಬಾರದು ಅನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ.

ಕೋರ್ಟ್ ರಸ್ತೆ:

ತುರ್ತು ಅನ್ನುವವರಿಗೆ ಕಾನೂನು ಏನು ಹೇಳುತ್ತದೆ ಅಂತ ಹೇಳಿಬಿಡುತ್ತೇನೆ. ನಾನು ವಿಜಯಪುರದಲ್ಲಿ ವಕೀಲಿ ಮಾಡುತ್ತೇನೆ, ಮೋಟಾರು ಅಪಘಾತದ ಕೇಸುಗಳೇ ಜಾಸ್ತಿ.

ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯದ್ದು. 2019ರ ತಿದ್ದುಪಡಿಯಲ್ಲಿ, ಗಾಡಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನೂ ಅದರಲ್ಲಿ ಹೆಸರು ಹೇಳಿ ಸೇರಿಸಿದ್ದಾರೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕರೆ 2 ವರ್ಷದ ತನಕ ಜೈಲು ಅಥವಾ 10,000 ದಂಡ. ಲೈಸೆನ್ಸಿಗೂ ಕುತ್ತು ಬರುತ್ತದೆ. ಮ್ಯಾಪ್ ನೋಡಬಹುದಾ ಅಂತ ಬಹಳ ಜನ ಕೇಳುತ್ತಾರೆ. 2020ರ ಅಕ್ಟೋಬರ್ 1ರಿಂದ ಬಂದ ನಿಯಮದ ಪ್ರಕಾರ ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ.

ಯಾರಾದರೂ ಸತ್ತರೆ ವಿಷಯ ಬೇರೆಯೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಅದರ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ತಂದರೆ 5 ವರ್ಷದ ತನಕ ಶಿಕ್ಷೆ. ಮೊದಲು ಇದು 2 ವರ್ಷ ಇತ್ತು. ವ್ಯಾಪಾರಿ ಅಣ್ಣಾರ, ಕೆಲಸದ ಮೇಲೆ ಇರುವ ಡ್ರೈವರ್ ತಪ್ಪು ಮಾಡಿದರೆ ಪರಿಹಾರದ ಕೇಸಿನಲ್ಲಿ ಮಾಲೀಕರೂ ಎದುರುದಾರರು. ಆ ಹೊತ್ತಿಗೆ ಯಾರ ಕಾಲ್ ನಡೆದಿತ್ತು ಅಂತ ಕಂಪನಿಯಿಂದ ಕಾಲ್ ವಿವರ ತರಿಸಿದರೆ ನಿಮಿಷ ಸೆಕೆಂಡ್ ಸಮೇತ ಬರುತ್ತದೆ.

2021ರ ಸರ್ಕಾರಿ ಲೆಕ್ಕದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972. ಅದರಲ್ಲಿ ಮೊಬೈಲ್ ಕಾರಣ ಅಂತ ಬರೆದದ್ದು 1,040. ಇದನ್ನು ನೋಡಿ ಮೊಬೈಲಿನಿಂದ ಸಾಯುವವರು ಕಡಿಮೆ ಅಂದುಕೊಳ್ಳಬೇಡಿ. ನಮ್ಮ ಕಡೆ ಯಾವ ಎಫ್‌ಐಆರ್ ತೆಗೆದರೂ "ಜೋರಾಗಿ ಹಾಗೂ ನಿಷ್ಕಾಳಜಿತನದಿಂದ ನಡೆಸಿ" ಅಂತ ಒಂದೇ ಸಾಲು ಇರುತ್ತದೆ. ಫೋನ್ ಕೈಯಲ್ಲಿ ಇತ್ತು ಅಂತ ಯಾರೂ ತಾವಾಗಿ ಬರೆಸುವುದಿಲ್ಲ, ಸತ್ತವರು ಹೇಳಲು ಬರುವುದಿಲ್ಲ.

ತಿಕೋಟಾದ ಅಕ್ಕಾರ, ನಿಮಗೆ ಬೇರೆ ಒಂದು ಮಾತು. ಲೈಟ್ ಇಲ್ಲದೆ ರಸ್ತೆ ಮೇಲೆ ಟ್ರೇಲರ್ ಬಿಟ್ಟಿದ್ದು ಅವರ ತಪ್ಪೂ ಹೌದು. ನಿಮ್ಮ ತಮ್ಮ ಪರಿಹಾರಕ್ಕೆ ಅರ್ಜಿ ಹಾಕಬಹುದು. ಅಪಘಾತ ಆಗಿ 6 ತಿಂಗಳೊಳಗೆ ಹಾಕಬೇಕು ಅಂತ 166ನೇ ಕಲಮಿನಲ್ಲಿದೆ, ಜನವರಿಯದ್ದು ಅಂದರೆ ಜುಲೈ ತನಕ ಕಾಯಬೇಡಿ. ಯಾರ ತಪ್ಪು ಎಷ್ಟು ಅಂತ ನ್ಯಾಯಮಂಡಳಿ ಪಾಲು ಹಾಕುತ್ತದೆ. ಫೋನಿನಲ್ಲಿ ಇದ್ದದ್ದರಿಂದ ನಿಮ್ಮ ತಮ್ಮನಿಗೆ ಸಿಗುವುದು ಕಡಿಮೆ ಆಗಬಹುದು. ಅದನ್ನು ವಕೀಲರ ಹತ್ತಿರ ಮುಚ್ಚಿಡಬೇಡಿ, ಮೊದಲ ದಿನವೇ ಹೇಳಿ. ಇನ್ನು 108ಕ್ಕೆ ಫೋನ್ ಮಾಡಿದ ಆ ಟ್ರ್ಯಾಕ್ಟರಿನ ಹುಡುಗ ಸಿಕ್ಕರೆ, ಸಹಾಯ ಮಾಡಿದವರಿಗೆ ಅದಕ್ಕಾಗಿ ಕೇಸು ಆಗದ ಹಾಗೆ 134ಎ ಕಲಮಿನ ರಕ್ಷಣೆ ಇದೆ ಅಂತ ಹೇಳಿ. ಪೊಲೀಸ್ ಅಂದರೆ ಅಂಜಿ ಓಡಿಹೋಗುವವರೇ ಬಹಳ, ಅವನು ಓಡಲಿಲ್ಲ.

ಬೆಳಗಾವಿ ಡೆಲಿವರಿ:

ನಮ್ಮಂಥವರ ಕಥೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಬೆಳಗಾವಿಯಲ್ಲಿ ಊಟ ಡೆಲಿವರಿ ಮಾಡುತ್ತೇನೆ. ನಮಗೆ ಫೋನೇ ಕೆಲಸ. ಆರ್ಡರ್ ಅದರಲ್ಲೇ ಬರುತ್ತದೆ, ಕೆಲವೇ ಸೆಕೆಂಡಿನಲ್ಲಿ ಒತ್ತಬೇಕು, ಇಲ್ಲ ಅಂದರೆ ಬೇರೆಯವರಿಗೆ ಹೋಗುತ್ತದೆ. ಹ್ಯಾಂಡಲ್ ಮೇಲೆ ಫೋನ್ ಸಿಗಿಸಿಕೊಂಡು ಗೋಗಟೆ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಹೆಬ್ಬೆರಳಿನಿಂದ ಒತ್ತುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನಾನೂ ಎರಡು ವರ್ಷ ಮಾಡಿದೆ. ಮಳೆಗಾಲದಲ್ಲಿ ಖಾನಾಪುರ ರಸ್ತೆಯಲ್ಲಿ ಸ್ಕ್ರೀನ್ ಮೇಲೆ ನೀರು ಬಿದ್ದು ಒತ್ತಿದರೂ ತಗೊಳ್ಳದೆ, ಒರೆಸಿ ಒರೆಸಿ ಒತ್ತುವಾಗ ಮುಂದಿನ ಆಟೋ ಬ್ರೇಕ್ ಹಾಕಿದ್ದು ಕಾಣಲಿಲ್ಲ. ಹೆಲ್ಮೆಟ್ ಇದ್ದದ್ದಕ್ಕೆ ಗಲ್ಲಕ್ಕೆ ನಾಲ್ಕು ಹೊಲಿಗೆಯಲ್ಲಿ ಮುಗಿಯಿತು.

ಈಗ ಸದ್ದು ಬಂದರೆ ಎಡಕ್ಕೆ ನಿಲ್ಲಿಸಿ ಒತ್ತುತ್ತೇನೆ. ದಿನಕ್ಕೆ ಎರಡು ಮೂರು ಆರ್ಡರ್ ಕೈ ತಪ್ಪುತ್ತವೆ, ಅದು ನನಗೆ ಚಿಕ್ಕ ದುಡ್ಡಲ್ಲ. ಇನ್ನು ಊಟ ತರಿಸುವವರಿಗೆ ಒಂದು ವಿನಂತಿ. ಮ್ಯಾಪಿನಲ್ಲಿ ನಾವು ಬರುತ್ತಿರುವುದು ನಿಮಗೆ ಕಾಣುತ್ತಾ ಇರುತ್ತದೆ, ಆದರೂ "ಎಲ್ಲಿ ಬಂದ್ರಿ" ಅಂತ ಫೋನ್ ಮಾಡುತ್ತೀರಿ. ಬಾಗಿಲಿಗೆ ಬಂದ ಮೇಲೆ ನಾವೇ ಮಾಡುತ್ತೇವೆ.

ಬನಹಟ್ಟಿ ಹುಡುಗ:

ಅಕ್ಕಾರ, ನಮ್ಮದು ಮೊಬೈಲ್ ರಿಪೇರಿ ಅಂಗಡಿ, ಸೆಟ್ಟಿಂಗ್ ನಾನು ಹೇಳುತ್ತೇನೆ. ಈಗಿನ ಫೋನುಗಳಲ್ಲಿ "ಡು ನಾಟ್ ಡಿಸ್ಟರ್ಬ್" ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಕಾಲ್ ಬಂದರೂ ಸದ್ದು ಆಗುವುದಿಲ್ಲ, ಆದರೆ ಸ್ವಿಚ್ ಆಫ್ ಅಂತಲೂ ಬರುವುದಿಲ್ಲ. ಆ ಕಡೆಯವರಿಗೆ ರಿಂಗ್ ಕೇಳಿಸುತ್ತದೆ. ನಿಮ್ಮ ಅವ್ವನಿಗೆ ಇದೇ ಸರಿ. ಐಫೋನಿನಲ್ಲಿ ಡ್ರೈವಿಂಗ್ ಅಂತ ಬೇರೆಯೇ ಇದೆ, ಮೆಸೇಜ್ ಕಳಿಸಿದವರಿಗೆ "ಗಾಡಿ ಓಡಿಸುತ್ತಿದ್ದೇನೆ" ಅಂತ ತಾನೇ ಉತ್ತರ ಹೋಗುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ್ದು ಒಂದಿದೆ. ಅದೇ ನಂಬರಿನಿಂದ ಸ್ವಲ್ಪ ಹೊತ್ತಿನಲ್ಲೇ ಎರಡನೇ ಸಲ ಕಾಲ್ ಬಂದರೆ ತುರ್ತು ಇರಬಹುದು ಅಂತ ಫೋನೇ ರಿಂಗ್ ಬಿಡುವ ಹಾಗೆ ಒಂದು ಆಯ್ಕೆ ಇರುತ್ತದೆ. ಮತ್ತೆ ಮತ್ತೆ ಹಚ್ಚುವವರು ಇರುವ ಮನೆಯಲ್ಲಿ ಅದು ಆನ್ ಇದ್ದರೆ ಎಲ್ಲಾ ವ್ಯರ್ಥ. ಅದೇ ಪುಟದಲ್ಲಿ ಕೆಳಗೆ ಇರುತ್ತದೆ, ಆಫ್ ಮಾಡಿ. ತಿಳಿಯದಿದ್ದರೆ ಹತ್ತಿರದ ಅಂಗಡಿಗೆ ಹೋಗಿ, ಇದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ತಿಕೋಟಾದ ಅಕ್ಕ:

ಎಲ್ಲರಿಗೂ ಬಹಳ ಉಪಕಾರ ಆಯಿತು. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ಮಾಡಿ ನೋಡಿ ಆಮೇಲೆ ಹೇಳೋಣ ಅಂತ.

ಮಾಸ್ತರು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. ಕೆನಡಾದ ಲೆಕ್ಕಕ್ಕೆ ಅವನು ಸುಮ್ನೆ ತಲೆ ಆಡಿಸಿದ. "ಕಣ್ಣಿಗೆ ಬೀಳುತ್ತದೆ, ತಲೆಗೆ ಮುಟ್ಟುವುದಿಲ್ಲ" ಅಂದಾಗ ಮಾತ್ರ ತಡೆದು ಕೇಳಿದ, ಇನ್ನೊಮ್ಮೆ ಓದು ಅಂತ. ಆಮೇಲೆ ಹೇಳಿದ, "ಆ ಟ್ರೇಲರ್ ನನಗ ಕಂಡಿತ್ತು ಅಕ್ಕಾ. ದೂರದಿಂದಲೇ ಕಂಡಿತ್ತು. ಕಂಡಿದ್ದು ನೆನಪೈತಿ. ಆದ್ರ ನಿಂತೈತಿ ಅಂತ ಅನ್ನಿಸಲೇ ಇಲ್ಲ." ಮೂರು ತಿಂಗಳಲ್ಲಿ ಈ ಮಾತನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಬ್ಲೂಟೂತ್ ಈಗ ನನ್ನ ಮಗಳ ಹತ್ತಿರ ಇದೆ, ಹಾಡು ಕೇಳುತ್ತಾಳೆ.

ಬನಹಟ್ಟಿ ತಮ್ಮ ಹೇಳಿದ ಸೆಟ್ಟಿಂಗ್ ಮಾಡಿಸಿದೆವು. ಎರಡನೇ ಸಲದ ಆಯ್ಕೆ ಆನ್ ಇತ್ತು, ಆಫ್ ಮಾಡಿಸಿದೆ. ಫೋನ್ ಬುತ್ತಿ ಚೀಲದಲ್ಲಿ. ಅವನೇ ಮೂರು ಕಡೆಯಿಂದ ಫೋನ್ ಮಾಡುತ್ತಾನೆ: ಅಥಣಿ, ಮಿರಜ, ಮಾಲು ಇಳಿಸಿದ ಮೇಲೆ ತಾಸಗಾಂವ. ವಾಪಸ್ ಬರುವಾಗ ಅಥಣಿಯಿಂದ ಇನ್ನೊಂದು. ಇದನ್ನು ಕ್ಯಾಲೆಂಡರಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ಅವ್ವ ಮಲಗುವ ಕಡೆ ಗೋಡೆಗೆ ಹಚ್ಚಿದ್ದೇನೆ. ಗುಳಿಗೆ, ಕಾಯಿಪಲ್ಲೆ, ಏನೇ ತರುವುದಿದ್ದರೂ ಬೆಳಗ್ಗೆ ಚೀಟಿ ಬರೆದು ಅವನ ಅಂಗಿ ಕಿಸೆಯಲ್ಲಿ ಇಡುತ್ತೇನೆ.

ಸಾವ್ಕಾರರ ಮನೆಗೆ ನಾನೇ ಹೋಗಿದ್ದೆ. ವಕೀಲರು ಬರೆದದ್ದನ್ನು ಫೋನಿನಲ್ಲೇ ತೋರಿಸಿದೆ. ಪೂರ್ತಿ ಓದಿದರು. "ಆತವ್ವಾ, ನಿಂತಾಗ ಅವನೇ ಮಾಡ್ಲಿ" ಅಂದರು. ಎರಡನೇ ದಿನವೇ ಅವರದ್ದು ನಾಲ್ಕು ಮಿಸ್ಡ್ ಕಾಲ್ ಇದ್ದವಂತೆ. ಇವನು ಮಿರಜದಲ್ಲಿ ನಿಲ್ಲಿಸಿ ಫೋನ್ ಮಾಡಿದ್ದಾನೆ. "ಯಾಕ ಎತ್ತಲಿಲ್ಲ" ಅಂದರಂತೆ. "ಗಾಡಿ ಹೊಡಿತಿದ್ನಿರಿ" ಅಂದನಂತೆ. ಅವರು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಮಾಲಿನ ವಿಷಯ ಮಾತಾಡಿದರಂತೆ. ಈ ವಾರ ಕಾಲ್ ಕಡಿಮೆ ಆಗಿವೆ, ಪೂರ್ತಿ ನಿಂತಿಲ್ಲ. ಪರಿಹಾರದ ಅರ್ಜಿಗೆ ಸೋಮವಾರ ವಿಜಯಪುರಕ್ಕೆ ಹೋಗುತ್ತೇವೆ.

ಈಗ ಸಂಜೆ ಏಳೂವರೆ. ಅಥಣಿಯಿಂದ ಏಳಕ್ಕೆ ಫೋನ್ ಬಂದಿತ್ತು, ಅಲ್ಲಿಂದ ಮನೆಗೆ ಬರಲು ಇನ್ನೂ ಹೊತ್ತಿದೆ. ಅವ್ವ ಎರಡು ಸಲ ಕೇಳಿದಳು, ಇನ್ನೊಮ್ಮೆ ಹಚ್ಚಿ ನೋಡಲಾ ಅಂತ. ಗೋಡೆ ತೋರಿಸಿದೆ. ನನಗೂ ಕೈ ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ. ಇಷ್ಟು ಬರೆದು ಫೋನನ್ನು ಒಳಗಿನ ಕಪಾಟಿನ ಮೇಲೆ ಇಟ್ಟು ಬರುತ್ತೇನೆ, ರೊಟ್ಟಿ ಬಡಿಯುವುದಿದೆ.